ಗಂಗವ್ವನ ಬೆನ್ನ ಹಿಂದಿನ ಆರು ಚೀಲ

ಮೂರು ವರ್ಷಗಳ ಹಿಂದೆ, ನಿವೃತ್ತಿಗೆ ಇನ್ನೂ ಎಂಟು ತಿಂಗಳಿದ್ದಾಗ, ನಾನು ಒಂದು ಕಾರು ಕಂಪನಿಯಲ್ಲಿ ಸೀಟು ಮತ್ತು ಸೀಟ್ ಬೆಲ್ಟ್ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದೆ. ನಮ್ಮ ಏಳು ಆಸನಗಳ ದೊಡ್ಡ ಎಸ್‌ಯುವಿ ಆಗಷ್ಟೇ ರಸ್ತೆಗಿಳಿದಿತ್ತು. ಆರು ಏರ್‌ಬ್ಯಾಗ್, ಗಟ್ಟಿಮುಟ್ಟಾದ ಕ್ಯಾಬಿನ್. ನಾನಂತೂ ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ. ಫೆಬ್ರವರಿಯಲ್ಲಿ ಸುದ್ದಿ ಬಂತು. ಕದರಮಂಡಲಗಿಯಿಂದ ಬ್ಯಾಡಗಿಗೆ ಹೊರಟಿದ್ದ ನಮ್ಮ ಗಾಡಿಯೊಂದು ಕೆಟ್ಟು ನಿಂತ ಲಾರಿಗೆ ಗುದ್ದಿದೆ, ಒಬ್ಬರು ಸತ್ತಿದ್ದಾರೆ. ನಾನು ಕುಪ್ಪೇಲೂರಿನವನು, ಆ ಸೀಮೆ ಬಲ್ಲವನು ಎಂದು ತಪಾಸಣೆಗೆ ನನ್ನನ್ನೇ ಕಳಿಸಿದರು.

ಠಾಣೆಯ ಅಂಗಳದಲ್ಲಿ ಗಾಡಿ ನಿಂತಿತ್ತು. ಮೂತಿ ಅಪ್ಪಚ್ಚಿಯಾಗಿತ್ತು, ಆದರೆ ಕ್ಯಾಬಿನ್ ನೆಟ್ಟಗಿತ್ತು. ಏರ್‌ಬ್ಯಾಗ್‌ಗಳು ಸರಿಯಾಗಿ ತೆರೆದಿದ್ದವು. ಓಡಿಸುತ್ತಿದ್ದ ಶೇಖಪ್ಪ ಕೈ ಮುರಿದುಕೊಂಡು ಪಾರಾಗಿದ್ದ. ಪಕ್ಕದಲ್ಲಿದ್ದ ಹೆಂಡತಿ ರೇಣುಕಾಗೆ ತರಚು ಗಾಯ. ಸತ್ತವಳು ಎರಡನೇ ಸಾಲಿನಲ್ಲಿ ಬೆಲ್ಟ್ ಹಾಕಿಕೊಂಡೇ ಕೂತಿದ್ದ ಶೇಖಪ್ಪನ ತಾಯಿ ಗಂಗವ್ವ. ಹಿಂಬಾಗಿಲು ತೆರೆದೆ. ಮೂರನೇ ಸಾಲನ್ನು ಮಡಚಿ ಆರು ಚೀಲ ಮೆಣಸಿನಕಾಯಿ ಹೇರಿದ್ದರು. ಡಿಕ್ಕಿಯಾದಾಗ ಚೀಲಗಳು ನುಗ್ಗಿ, ಗಂಗವ್ವನ ಸೀಟಿನ ಬೆನ್ನೊರಗನ್ನು ಚಿಲಕದಿಂದ ಕಿತ್ತು, ಅವಳನ್ನು ಬೆಲ್ಟಿಗೆ ಒತ್ತಿ ಹಿಂಡಿದ್ದವು. ಎದೆಗೂಡು ಕುಸಿದಿತ್ತು, ಕುತ್ತಿಗೆ ಮುರಿದಿತ್ತು. ಚೆಲ್ಲಿದ ಕೆಂಪು ಕಾಯಿಯಲ್ಲಿ ರಕ್ತ ಯಾವುದೆಂದು ಬೆರಳಿಟ್ಟು ನೋಡಬೇಕಾಯಿತು.

ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ರೂಢಿಯಿದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಮುರಿಯದ ಮೈಗೆ. ಉಳಿದ ಮಾಲು ಟ್ರ್ಯಾಕ್ಟರಿನಲ್ಲಿ ಹೋದರೂ, ಮನೆಯ ಹಿರಿಯಳು ಕೂತು ಆರಿಸಿದ ಕಾಯಿ ಮನೆಯ ಗಾಡಿಯಲ್ಲೇ ಹೋಗಬೇಕು, ಆರಿಸಿದವಳೂ ಜೊತೆಗಿರಬೇಕು. ನನಗೇನು ಇದು ಗೊತ್ತಿರಲಿಲ್ಲವೇ? ನನ್ನವ್ವನೂ ಹಾಗೇ ಚೀಲಕ್ಕೆ ಒರಗಿ ಪೇಟೆಗೆ ಹೋದವಳು. ಆದರೂ ಸೀಟಿನ ಪರೀಕ್ಷೆಯಲ್ಲಿ ನಾನು ಹಿಂದೆ ಇಟ್ಟದ್ದು ನಿಯಮದ ಎರಡು ಪೆಟ್ಟಿಗೆ, ತಲಾ ಹದಿನೆಂಟು ಕೆ.ಜಿ. ಅದು ಪ್ರವಾಸ ಹೋಗುವವರ ಸೂಟ್‌ಕೇಸಿನ ತೂಕ. ಇಲ್ಲಿದ್ದದ್ದು ನೂರೆಂಬತ್ತು ಕೆ.ಜಿ.; ಡಿಕ್ಕಿಯ ಕ್ಷಣದಲ್ಲಿ ಅದು ಮೂರು ಟನ್ನಿಗೂ ಮಿಕ್ಕ ಬಲದಿಂದ ತಳ್ಳುತ್ತದೆ. ಓದಿದ ದಡ್ಡ ಎಂದರೆ ನಾನೇ.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಶೇಖಪ್ಪ ನನ್ನ ತೋಳು ಹಿಡಿದ. “ಸಾಹೇಬ್ರ, ಚೀಲಾ ಹೇರಿದಾಂವ ನಾನರಿ. ಅವ್ವನ್ನ ನಾನ ಕೊಂದೆ, ಹೌದಲ್ರಿ?”

ಬಾಯಿ ಬಿಡಬೇಡಿ ಎಂದು ಕಂಪನಿಯ ವಕೀಲರು ಮೊದಲೇ ಎಚ್ಚರಿಸಿದ್ದರು. “ತಪಾಸಣಿ ಆಗ್ಲಿ ತಮ್ಮಾ, ನೋಡೂಣು” ಎಂದು ಜಾರಿಕೊಂಡೆ. ಈಗಲೂ ಆ ಮಾತಿಗೆ ನಾಚಿಕೆಯಾಗುತ್ತದೆ.

ಬ್ಯಾಡಗಿಯಿಂದಲೇ ಆರು ಚೀಲ ಕಾಯಿ ಕೊಂಡು ಪ್ರಯೋಗಾಲಯಕ್ಕೆ ಒಯ್ದೆ. ಗಾಡಿಯ ಒಳಮೈಯನ್ನು ಹಳಿಯ ಮೇಲೆ ದೂಡಿ ಡಿಕ್ಕಿಯ ಹೊಡೆತ ಕೊಡುವ ಸ್ಲೆಡ್ ಎಂಬ ಯಂತ್ರವಿದೆ. ಗಂಗವ್ವನ ಜಾಗದಲ್ಲಿ ಮನುಷ್ಯಾಕಾರದ ಡಮ್ಮಿ ಕೂರಿಸಿದೆವು. ರೆಪ್ಪೆ ಬಡಿಯುವಷ್ಟರಲ್ಲಿ ಚಿಲಕ ಕಿತ್ತುಬಂತು. ಡಮ್ಮಿಯ ಎದೆ ಒಳಕ್ಕೆ ಹೋಯಿತು, ತಲೆ ಮುಂದಿನ ಸೀಟಿಗೆ ಅಪ್ಪಳಿಸಿ ವಾಲಿತು. ಒಡೆದ ಚೀಲದ ಘಾಟಿಗೆ ಎಲ್ಲರೂ ಕೆಮ್ಮುತ್ತ ಹೊರಗೋಡಿದರು. ನಾನು ಅಲ್ಲೇ ನಿಂತು ನೋಡಿದೆ.

ಮೇಲಧಿಕಾರಿ, “ಬಳಕೆದಾರರ ತಪ್ಪು ಅಂತ ಬರೆಯಿರಿ. ಸರಕು ಕಟ್ಟಿ ಎಂದು ಕೈಪಿಡಿಯಲ್ಲೇ ಇದೆ” ಎಂದರು.

“ಕಟ್ಟುವುದಕ್ಕೆ ಕೊಂಡಿ ಎಲ್ಲಿ ಕೊಟ್ಟಿದ್ದೇವೆ?” ಎಂದೆ.

ಖರ್ಚು ಉಳಿಸಲು ಮೊದಲ ನಕ್ಷೆಯಲ್ಲಿದ್ದ ನಾಲ್ಕು ಕೊಂಡಿಗಳನ್ನು ತೆಗೆಯಲು ಸಹಿ ಹಾಕಿದವನು ನಾನೇ. ವರದಿಯಲ್ಲಿ ಅದನ್ನೂ ಬರೆದೆ. ಬಹಳ ಜಗ್ಗಾಟದ ನಂತರ ದಪ್ಪ ಚಿಲಕ, ಸೀಟಿನ ಹಿಂದೆ ಉಕ್ಕಿನ ಜಾಲರಿ, ನೆಲಕ್ಕೆ ನಾಲ್ಕು ಕೊಂಡಿ ಹಾಕಲು ಒಪ್ಪಿಗೆ ಸಿಕ್ಕಿತು. ಮಾರಿದ ಗಾಡಿಗಳನ್ನೂ ವಾಪಸ್ ಕರೆಸಿ ಹಾಕಿಸುವುದೆಂದಾಯಿತು.

ಅದೆಲ್ಲ ಕಾಗದದ ಮೇಲೆ ಗಟ್ಟಿಯಾದ ಮರುದಿನವೇ, ವಕೀಲರಿಗೆ ಹೇಳದೆ ಕದರಮಂಡಲಗಿಗೆ ಹೋದೆ. ಶೇಖಪ್ಪ ಸೊರಗಿ ಹೋಗಿದ್ದ. “ತಮ್ಮಾ, ನಿಮ್ಮವ್ವನ್ನ ಕೊಂದಿದ್ದು ನೀ ಅಲ್ಲ. ನಾ ಮಾಡಿದ ಸೀಟು. ಚೀಲಾ ಕಟ್ಟೂ ಕೊಂಡಿ ತಗಿಸಿದಾಂವ ನಾನು” ಎಂದೆ.

ಅವನು ನನ್ನನ್ನೇ ದಿಟ್ಟಿಸಿದ. “ಎರಡ ತಿಂಗಳು ದಿನಾ ಸತ್ತೇನಿ. ಈಗ ಹೇಳಾಕ ಬಂದೀಯೇನಲೇ?”

ಮೊದಲ ಏಟು ಬಾಯಿಗೆ ಬಿತ್ತು, ಹಲ್ಲು ಮುರಿದವು. ಗೋಡೆಗೆ ತಲೆ ಬಡಿದು ಬಿದ್ದೆ. ಎದೆಯ ಮೇಲೆ ಕೂತು ಮತ್ತೆ ಮತ್ತೆ ಗುದ್ದಿದ. “ಬಿಡ್ರಿ, ವಯಸ್ಸಾದವ್ರು, ಸತ್ತಗಿತ್ತಾರು!” ಎಂದು ರೇಣುಕಾ ಅವನ ಅಂಗಿ ಹಿಡಿದು ಎಳೆದಳು. ನಾನು ಕೈ ಅಡ್ಡ ತರಲಿಲ್ಲ. ಕೊನೆಗೆ ಅವನು ನನ್ನ ಮೇಲೆಯೇ ಕುಸಿದು ಹೋ ಎಂದು ಅತ್ತ. ತಾಯಿ ಸತ್ತ ಮೇಲೆ ಅವತ್ತೇ ಮೊದಲು ಅತ್ತದ್ದಂತೆ, ರೇಣುಕಾ ಹೇಳಿದಳು.

ಪೊಲೀಸರಿಗೆ ದೂರು ಕೊಡಿ ಎಂದಿತು ಕಂಪನಿ. ಕೊಡಲಿಲ್ಲ. ಡಿಕ್ಕಿಯ ಏಟನ್ನು ಗಾಡಿ ತಿನ್ನಬೇಕು, ಒಳಗೆ ಕೂತವರು ತಿನ್ನಬಾರದು. ಇದು ನಮ್ಮ ವೃತ್ತಿಯ ಮೊದಲ ಪಾಠ. ನನ್ನ ಗಾಡಿ ತಿನ್ನದೆ ಬಿಟ್ಟ ಏಟನ್ನು ಶೇಖಪ್ಪ ಎರಡು ತಿಂಗಳು ಒಬ್ಬನೇ ತಿಂದಿದ್ದ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಬರೀ ಎರಡು ಹಲ್ಲು.