ಬೇಗಂಸಾಬರ ಕುಂಡಕ್ಕೆ ಎರೆಮಣ್ಣು

ಕೋಳಿ ಕೂಗುವ ಹೊತ್ತು. ಶಹಾಪುರದ ತಹಸೀಲ್ದಾರ ಬಂಗಲೆಯ ಬಾವಿಕಟ್ಟೆಯ ಮಗ್ಗುಲಲ್ಲಿ ಮುದುಕಮ್ಮ ಕುಕ್ಕರುಗಾಲಲ್ಲಿ ಕೂತು, ಒಂದು ಕುಂಡದೊಳಗಿನ ಇದ್ದಲಿ ಚೂರುಗಳನ್ನು ಬೆರಳಿಂದ ಸರಿಸುತ್ತಾಳೆ. ಬೇರು ಮೆತ್ತಗಾಗಿದೆ. ಮೇಲೆ ಉಳಿದಿರುವುದು ಒಂದೇ ಎಲೆ.

"ಎಲಿ ಅಂಚು ನಿನ್ನಿ ಹಿಂಗ ಹಳದಿ ಇರಲಿಲ್ರಿ," ಎನ್ನುತ್ತಾಳೆ ಪೇಟೆಯಿಂದ ಬಂದ ನಮಗೆ.

ಇಪ್ಪತ್ತು ವರ್ಷದಿಂದ ಈ ತೋಟಕ್ಕೆ ಆಕೆಯೇ ಮಾಲಿ. ದಿನಕ್ಕೆ ನಲವತ್ತು ಕೊಡ ನೀರು, ತೊಂಬತ್ತು ಕುಂಡ. ಸಾಹೇಬರು ಬದಲಾದರು, ಕಚೇರಿಯ ಬಾವುಟ ಬದಲಾಯಿತು, ಮುದುಕಮ್ಮನ ಕೊಡ ಮಾತ್ರ ಅದೇ. ಆಕೆಯ ಹೆಸರು ಕೇಳಿದವರು ಒಬ್ಬರೇ, ಹಳೆಯ ಸಾಹೇಬರ ಹೆಂಡತಿ ಅಖ್ತರಬೇಗಂ. "ನನ್ನ ಮಗಳಿಗೆ ವಾಂತಿಭೇದಿ ಆದಾಗ ತಮ್ಮ ಕೈಲೆ ಗಂಜಿ ಕುಡಿಸಿ ಉಳಿಸ್ಯಾರ್ರಿ," ಎನ್ನುತ್ತಾಳೆ ಮುದುಕಮ್ಮ.

ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ ಬೇಗಂ ಊರು ಬಿಟ್ಟರು. ಆಗತಾನೆ, ಮಣ್ಣಿಲ್ಲದೆಯೇ ಬೆಳೆಯುವ ಈ ಆರ್ಕಿಡ್ ಗಿಡದ ಹೂ ಉದುರಿತ್ತು. "ಹೂ ಹೋತಂತ ಸತ್ತದ ಅನಬ್ಯಾಡ ಮುದುಕವ್ವ. ಒಣಗಿದ ದಂಟು ಕೊಯ್ದು, ಇದ್ದಲಿ, ಇಟ್ಟಂಗಿ ಚೂರಿನಾಗ ಇಡು. ಮಣ್ಣು ಮುಟ್ಟಸಬ್ಯಾಡ. ನಾ ಬಂದು ಒಯ್ತೀನಿ," ಎಂದು ಕುಂಡ ಕೈಗಿಟ್ಟರು.

ಎರಡು ವರ್ಷ ಹೇಳಿದಂತೆಯೇ ನೋಡಿಕೊಂಡಳು. ಹೂ ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಕರುಳು ತಡೆಯಲಿಲ್ಲ. ಎರೆಹೊಲದಲ್ಲಿ ಬೆಳೆದ ಹೆಣ್ಣು. ಮಣ್ಣಿಲ್ಲದ ಗಿಡವೆಂದರೆ ಆಕೆಗೆ ಹಸಿದ ಕೂಸು. ತವರೂರು ಗೋಗಿಯಿಂದ ಒಂದು ಬುಟ್ಟಿ ಕಪ್ಪು ಎರೆಮಣ್ಣು ತಲೆಯ ಮೇಲೆ ಹೊತ್ತು ತಂದು ಕುಂಡ ತುಂಬಿದಳು. ಅಯ್ಯೋ, ಎರೆಮಣ್ಣು ಹಿಡಿದ ನೀರನ್ನು ಬಿಡುತ್ತದೆಯೇ! ಬೇರು ಕೊಳೆಯಿತು. ಅತಿಯಾದರೆ ಅಮೃತವೂ ವಿಷ ಎಂದು ನಾವು ಪೇಟೆಯವರು ಸಲೀಸಾಗಿ ಹೇಳಿಬಿಡುತ್ತೇವೆ. ಆ ಬುಟ್ಟಿ ಹೊತ್ತ ತಲೆಗೆ ಅದನ್ನು ಹೇಳಲು ಬಾಯಿ ಬರುವುದಿಲ್ಲ.

ಮಣ್ಣು ತೆಗೆದು, ಕೊಳೆತದ್ದನ್ನು ಕೊಯ್ದು, ಮತ್ತೆ ಇದ್ದಲಿಗೆ ಹಾಕಿದ್ದಾಳೆ. ಒಂದು ಹೊಸ ಬೇರೂ ಒಡೆದಿಲ್ಲ. ಅಷ್ಟರಲ್ಲಿ ಮೊನ್ನೆ ಕಾಗದ ಬಂತು: ಬರುವ ಶುಕ್ರವಾರ ಬೇಗಂ ಯಾದಗಿರಿಯಲ್ಲಿ ರೈಲಿಳಿದು ಕುಂಡ ಒಯ್ಯಲು ಬರುತ್ತಾರೆ.

"ಹೂ ಬಿಡಲಿಲ್ಲ ಅಂದ್ರ ನಕ್ಕು ಸುಮ್ಮನಾಗ್ತಾರ್ರಿ. ನನ್ನ ಮಗಳಿಗೆ ಉಣಿಸಿ ಉಳಿಸಿದಾಕಿಗೆ, ನಿಮ್ಮ ಗಿಡಾ ಉಣಿಸಿ ಕೊಂದೀನಿ ಅಂತ ಯಾವ ಬಾಯಿಲೆ ಹೇಳ್ಲಿ?"

ಮುದುಕಮ್ಮ ಒದ್ದೆ ಅರಿವೆಯಿಂದ ಆ ಒಂದು ಎಲೆಯನ್ನು ಒರೆಸುತ್ತಾಳೆ. ಈಗ ಏನಾಗಲಿ ಅಂತೀರಿ ಎಂದು ನಾವು ಕೇಳಿದರೆ ತಲೆ ಎತ್ತುವುದಿಲ್ಲ.

"ಮೂರು ವರ್ಸ ದಿನಾ ಬೇಡಿಕೊಂಡೀನಿ, ದೇವ್ರೇ, ಅವ್ರು ಲಗೂ ಬರ್ಲಿ ಅಂತ. ಇವತ್ತ ಮುಂಜಾನಿ ಬೇಡಿಕೊಂಡೆ, ರೈಲು ತಪ್ಪಲಿ ಅಂತ."