ಕರಡಿಯ ಹಳೇ ಸಾಮಾನು

ಹೆಮ್ಮಾಡಿಯಲ್ಲಿ ರಿಕ್ಷಾಗಳ ಸೀಟು ಹೊಲಿಯುವವರೊಬ್ಬರಿದ್ದರು. ಕೆಲಸ ಮುಗಿದ ಮೇಲೆ ಕಿತ್ತ ಹರಕು ರೆಕ್ಸಿನ್, ಪುಡಿಯಾದ ಫೋಮ್ ಎಲ್ಲವನ್ನೂ ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ, “ಹಳೇ ಸಾಮಾನ್ ನಿಮ್ದೇ, ಕಾಣಿ” ಎಂದು ಗಿರಾಕಿಯ ಕೈಗೇ ಕೊಡುವುದು ಅವರ ಕ್ರಮ. ಕದ್ದರು ಅಂತ ಯಾರೂ ಅನ್ನಬಾರದು. ಗಿರಾಕಿಗಳು ಅದನ್ನು ಮುಂದಿನ ತಿರುವಿನಲ್ಲೇ ಎಸೆಯುತ್ತಿದ್ದರು, ಅದು ಬೇರೆ ಮಾತು.

ನನ್ನ ಮಗಳ ಗೊಂಬೆ ಕರಡಿಯ ಹೊಟ್ಟೆ ಒಡೆದಾಗ ದರ್ಜಿಗಳೆಲ್ಲ ನಕ್ಕು ಕಳಿಸಿದರು. ಅದಿಲ್ಲದೆ ಅವಳು ಎರಡು ದಿನದಿಂದ ಮಲಗಿರಲಿಲ್ಲ, ನಮ್ಮನ್ನೂ ಮಲಗಿಸಿರಲಿಲ್ಲ. ಕೊನೆಗೆ ಈ ಸೀಟು ಹೊಲಿಯುವವರಲ್ಲಿಗೆ ಒಯ್ದೆ. ಇವರು ನಗಲಿಲ್ಲ. ಕರಡಿಯನ್ನು ಕೂರಿಸಿ, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಸೀಟ್ ಪೂರಾ ಕೂತ್ ಹೋಯ್ತ್ ಮರ್ರೆ” ಎಂದರು.

ಸಂಜೆ ಹೋದರೆ ಕರಡಿಗೆ ಕೆಂಪು ರೆಕ್ಸಿನ್ ಹೊಟ್ಟೆ, ಅಂಚಿಗೆ ಬಿಳಿ ಪೈಪಿಂಗ್, ಒಳಗೆ ಗಟ್ಟಿ ಫೋಮ್.

“ಇನ್ ಮೂರ್ ಜನ ಕೂಕಂಡ್ರೂ ಎಂತ ಆತಿಲ್ಲ” ಎಂದರು. ಜೊತೆಗೆ ಹಳೆಯ ಹತ್ತಿ, ಹರಿದ ಬಟ್ಟೆ ತುಂಬಿದ ತೊಟ್ಟೆ. “ಹಳೇ ಸಾಮಾನ್ ನಿಮ್ದೇ, ಕಾಣಿ.”

ಮನೆಯಲ್ಲಿ ಮಗಳು ಕರಡಿಯ ಹೊಸ ಹೊಟ್ಟೆಯನ್ನು ಒಮ್ಮೆ ತಟ್ಟಿ ಬದಿಗಿಟ್ಟಳು. ತೊಟ್ಟೆ ಬಿಚ್ಚಿ ಮೂಸಿದಳು. “ಇದೇ ನನ್ ಕರ್ಡಿ” ಎಂದು ಪರಪರ ಸದ್ದು ಮಾಡುವ ಆ ತೊಟ್ಟೆಯನ್ನೇ ಅಪ್ಪಿಕೊಂಡು ನಿದ್ದೆಹೋದಳು.

ಮರುದಿನ ಅಂಜುತ್ತಲೇ ಅವರಿಗೆ ವಿಷಯ ಹೇಳಿದೆ. ಬೇಜಾರು ಮಾಡಿಕೊಂಡಾರು ಅಂದುಕೊಂಡಿದ್ದೆ. ಅವರು ಅಳತೆ ಟೇಪು ಕೈಗೆತ್ತಿಕೊಂಡು ಬಹಳ ಗಂಭೀರವಾಗಿ ಕೇಳಿದರು:

“ಹಾಂಗಾರೆ ಆ ತೊಟ್ಟೆ ತನ್ನಿ, ಅದ್ಕೊಂದ್ ಕವರ್ ಹೊಲುವ. ಕಿವಿ ಇಡ್ಕಾ?”