ತಮ್ಮನ ಹೆಂಡತಿ ಬಲೆ ಬಿಟ್ಟ ದಿನ

ಕಮಲಾಪುರ ದಾಟಿ, ಡಾಂಬರು ರಸ್ತೆ ಮುಗಿದ ಮೇಲೂ ಒಂದಿಷ್ಟು ನಡೆದರೆ ಕೆರೆಯ ದಡದಲ್ಲಿ ನಮ್ಮ ಮೀನುಗಾರರ ಓಣಿ. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟು ಹರಿಗೋಲು ಹತ್ತಿದವನು ನಾನು. ಇವತ್ತಿನವರೆಗೆ ಯಾರ ಮುಂದೆಯೂ ಕೈ ಚಾಚಿಲ್ಲ.

ತಮ್ಮ ಕಲಬುರಗಿ ಸೇರಿ ಸ್ಟೇಶನ್ ಬಜಾರಿನಲ್ಲಿ ಆಟೊ ಓಡಿಸುತ್ತಿದ್ದ. ಜ್ವರ ಬಂದು ಅವನು ತೀರಿಕೊಂಡ. ಸೂಪರ್ ಮಾರ್ಕೆಟ್ಟಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವನ ಹೆಂಡತಿ ಒಂದು ಟ್ರಂಕು ಹಿಡಿದು ನಮ್ಮ ಓಣಿಗೆ ಬಂದಳು.

ನಮ್ಮಲ್ಲಿ ಪ್ರತಿ ಮನೆಗೂ ಕೆರೆಯಲ್ಲಿ ಒಂದು ಪಾಲು ನೀರು. ಮಳೆಗಾಲ ಮುಗಿದ ಮೇಲೆ ಮೊದಲ ಬಲೆಯನ್ನು ಆ ಮನೆಯವರೇ ಬಿಡಬೇಕು. ಬೇರೆಯವರು ಬಿಟ್ಟರೆ ಪಾಲು ಅವರದೇ ಆಗುತ್ತದೆ. ತಮ್ಮ ವರ್ಷಕ್ಕೊಮ್ಮೆ ತಪ್ಪದೆ ಬಂದು ತನ್ನ ಪಾಲಿನ ಬಲೆ ಬಿಟ್ಟು ಹೋಗುತ್ತಿದ್ದ.

“ಈ ಸಲ ನಾ ಬಿಡ್ತೀನಿ ತಂಗಿ, ಚಿಂತಿ ಮಾಡಬ್ಯಾಡ,” ಎಂದೆ.

“ನೀವು ಬಿಟ್ರ ಅದು ನಿಮ್ಮ ನೀರಾಗ್ತದ ಭಾವಾರ. ನನಗ ಕಲಸ್ರಿ.”

ಚುರುಕ್ಕೆಂದಿತು. ಆದರೆ ಮಾತು ಖರೆ.

ಕಲಿಸಿದೆ. ಅವಳ ಕೈಯಲ್ಲಿ ಹರಿಗೋಲು ಮುಂದಕ್ಕೆ ಹೋಗಲೇ ಒಲ್ಲದು, ನಿಂತಲ್ಲೇ ಗಿರಗಿರ. ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ನಗುವೋ ನಗು.

“ಏ ಸೀರಿ ಅಂಗಡಿಯಾಕಿ, ಕುಂಬಾರನ ತಿಗರಿ ತಿರಗಸ್ಲಾಕತ್ತೀ ಏನ? ಎಷ್ಟ ಗಡಿಗಿ ಆದವು?”

“ನಿಮಗೊಂದು ತೆಗದಿಟ್ಟೀನ್ರೀ ಅಕ್ಕಾರ!”

ಬಲೆ ಬಿಡುವ ದಿನ ಗಾಳಿ ಜೋರಾಗಿತ್ತು. ಓಣಿಯೆಲ್ಲ ದಡದಲ್ಲಿ ನೆರೆದಿತ್ತು. ಅವಳು ಬಲೆಯ ಒಂದು ತುದಿಯನ್ನು ದಡದ ಜಾಲಿ ಮರಕ್ಕೆ ಕಟ್ಟಿ ಹರಿಗೋಲು ಹತ್ತಿದಳು. ಹುಟ್ಟು ಹಾಕಲೇ ಇಲ್ಲ. ಗಾಳಿ ತಳ್ಳಿದತ್ತ ತೇಲುತ್ತ, ಸೀರೆಯ ಮಡಿಕೆ ಬಿಚ್ಚಿದ ಹಾಗೆ ಬಲೆ ಬಿಡುತ್ತ ಹೋದಳು. ಇದನ್ನು ನಾನು ಕಲಿಸಿರಲಿಲ್ಲ. ಕೊನೆಗೆ ಕಲ್ಲು ಕಟ್ಟಿ ಇನ್ನೊಂದು ತುದಿಯನ್ನೂ ನೀರಿಗೆ ಇಳಿಸಿದಳು.

ಈಗ ಗಾಳಿಗೆ ಎದುರಾಗಿ ಬರಬೇಕು. ನೀರಿಗೆ ಹಾರಲು ಅಂಗಿ ಬಿಚ್ಚಿದೆ. ಓಣಿಯ ಹಿರಿಯರು ರಟ್ಟೆ ಹಿಡಿದರು: “ಆಕಿ ನೀರಾಗ ನೀ ಇಳೀಬ್ಯಾಡ.”

ಅವಳು ಬಲೆಯ ಮೇಲಿನ ಹಗ್ಗ ಹಿಡಿದಳು. ಕೈಯ ಮುಂದೆ ಕೈ ಇಟ್ಟು ಎಳೆಯುತ್ತ, ಹರಿಗೋಲಿನ ಜೊತೆ ಗಿರಗಿರ ತಿರುಗುತ್ತ, ತೊಯ್ದು ತಪ್ಪಡಿಯಾಗಿ ದಡಕ್ಕೆ ಬಂದಳು.

“ಹುಟ್ಟ ಹಾಕ್ಲೇ ಇಲ್ಲಲ್ಲ!” ಎಂದ ಒಬ್ಬ.

“ಬಲಿ ನೀರಾಗ ಅದ, ಆಕಿ ದಂಡ್ಯಾಗ ಅದಾಳ. ಇನ್ನೇನ್ ಬೇಕೋ ನಿನಗ? ಪಾಲು ಆಕೀದು,” ಎಂದರು ಹಿರಿಯರು.

ಮರುದಿನ ಕಮಲಾಪುರದ ಬಜಾರಿನಲ್ಲಿ ಗಿರಾಕಿಯೊಬ್ಬ ಅವಳ ಬುಟ್ಟಿಗೆ ಬಗ್ಗಿ, “ಹ್ಯಾಂಗ ಕೊಟ್ರಿ ಮೀನು?” ಎಂದು ನನ್ನನ್ನು ಕೇಳಿದ.

“ನನಗ್ಯಾಕ ಕೇಳ್ತೀ? ಮಾಲಕರು ಅಲ್ಲಿ ಕುಂತಾರ, ನೋಡು,” ಎಂದೆ, ಇಡೀ ಬಜಾರಿಗೆ ಕೇಳುವ ಹಾಗೆ.